ಅರ್ಧ ಲೋಟ ಬಿಳಿ ಮದ್ದು

ದೇವೀರಮ್ಮನಿಗೆ ಏನಾದರೂ ಆಗಿಬಿಟ್ಟರೆ ನನ್ನ ಗತಿಯೇನು ಎಂದು ನಾನು ಚಿಂತೆ ಮಾಡಿದಷ್ಟು ನಮ್ಮ ಯಜಮಾನರ ಬಗ್ಗೆ ಕೂಡ ಮಾಡಿದವಳಲ್ಲ. ಇದನ್ನು ಅವರೆದುರೇ ಹೇಳಿದ್ದೇನೆ, ಅವರೇನೂ ಬೇಜಾರು ಮಾಡಿಕೊಂಡಿಲ್ಲ. ಗಂಡನಿಗೆ ಏನಾದರೂ ಆದರೆ ಮಕ್ಕಳು ನೋಡಿಕೊಂಡಾರು, ನೆಂಟರು ಬಂದು ನಿಂತಾರು. ಮಾತು ಬಿಟ್ಟವಳು ಹೋಗಿಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬಳನ್ನು ಎಲ್ಲಿಂದ ತರಲಿ? ಈ ವಯಸ್ಸಿನಲ್ಲಿ ನನಗೆ ಹೊಸದಾಗಿ ಒಂದು ಜಗಳ ಹುಟ್ಟಬೇಕು, ಅದು ಬಲಿಯಬೇಕು, ಅಷ್ಟರಲ್ಲಿ ನಾನೇ ಇರುತ್ತೇನೋ ಇಲ್ಲವೋ.

ನಮ್ಮೂರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಬೇಕು. ನಮ್ಮ ಆಸ್ಪತ್ರೆಯಲ್ಲಿ ಒಂದು ಎಕ್ಸ್‌ರೇ ಯಂತ್ರವಿದೆ. ಮೂಳೆ ಮುರಿದರೆ ಅದರ ಪಾಡಿಗೆ ಅದು ತೋರಿಸುತ್ತದೆ. ಆದರೆ ಅನ್ನನಾಳ, ಹೊಟ್ಟೆ, ಕರುಳಿನಂಥ ಮೆತ್ತನೆಯ ಜಾಗಗಳು ಬರಿಯ ಎಕ್ಸ್‌ರೇಗೆ ಸಿಗುವುದಿಲ್ಲ. ಅದಕ್ಕೆ ಬೇರಿಯಂ ಎನ್ನುವ ಬಿಳಿ ಮದ್ದನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಅದು ಇಳಿದ ದಾರಿಯೆಲ್ಲ ಫಿಲಂ ಮೇಲೆ ಬೆಳ್ಳಗೆ ಮೂಡುತ್ತದೆ. ಬೇರೆ ಊರುಗಳಲ್ಲಿ ರೋಗಿಯೊಬ್ಬನೇ ಪೂರ್ತಿ ಲೋಟ ಕುಡಿಯುತ್ತಾನಂತೆ. ನಮ್ಮವರು ಹಾಗೆ ಕುಡಿದರೆ ಏನೂ ಮೂಡುವುದಿಲ್ಲ. ಅರ್ಧ ಲೋಟ ರೋಗಿ ಕುಡಿಯಬೇಕು, ಇನ್ನರ್ಧ ಅವರೊಡನೆ ಸಿಟ್ಟಿನಿಂದ ಮಾತು ಬಿಟ್ಟವರು ಕುಡಿಯಬೇಕು. ಆಗ ರೋಗಿಯ ಒಳಗಿನದೆಲ್ಲ ನಿಚ್ಚಳವಾಗಿ ಕಾಣುತ್ತದೆ. ಗಂಡ, ತಾಯಿ, ಜೀವದ ಗೆಳತಿ ಯಾರು ಕುಡಿದರೂ ಪ್ರಯೋಜನವಿಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋದರೂ ನಮ್ಮವರದು ಇದೇ ಪಾಡು.

ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಮಾತು ಬಿಟ್ಟವರು ಅಂತ ಒಬ್ಬರು ಇರಲೇಬೇಕು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು "ಹುಡುಗಿಗೆ ಮಾತು ಬಿಟ್ಟವರು ಇದಾರೇನ್ರೀ?" ಎಂದು ಕೇಳುತ್ತಾರೆ. ಯಾರ ತಂಟೆಗೂ ಹೋಗದೆ ಎಲ್ಲರೊಡನೆ ನಗುನಗುತ್ತಾ ಇರುವ ಮಗುವನ್ನು ಹೆತ್ತವಳಿಗೆ ನಿದ್ದೆ ಹತ್ತುವುದಿಲ್ಲ. ಒಮ್ಮೆ ಎಲ್ಲಿಯದೋ ಸ್ವಾಮಿಗಳು ಬಂದು, ವೈರ ಬಿಡಿ, ಎಲ್ಲರೂ ಒಂದಾಗಿ ಬಾಳಿ ಎಂದು ಪೇಟೆ ಚೌಕದಲ್ಲಿ ಪ್ರವಚನ ಶುರು ಮಾಡಿದರು. ಶಾಲು ಹೊದಿಸಿ, ಹಣ್ಣು ಕೊಟ್ಟು, ಕಾಲಿಗೆ ಬಿದ್ದು, ಮಧ್ಯಾಹ್ನದ ಬಸ್ಸಿಗೇ ಹತ್ತಿಸಿ ಕಳಿಸಿದೆವು. ಇನ್ನು ನಾಟಕ ಆಡಿ ನೋಡಿದವರೂ ಉಂಟು. ಅನ್ಯೋನ್ಯವಾಗಿದ್ದ ಇಬ್ಬರು ಭಾವಮೈದುನರು ಬಸ್‌ಸ್ಟ್ಯಾಂಡಿನ ಎದುರು ಅಂಗಿ ಹರಿಯುವ ಹಾಗೆ ಬಡಿದಾಡಿ, ಅದೇ ಹರಿದ ಅಂಗಿಯಲ್ಲಿ ಆಸ್ಪತ್ರೆಗೆ ಹೋಗಿ ಲೋಟ ಎತ್ತಿದರು. ಫಿಲಂ ಖಾಲಿ ಬಂತು. ಬಿಳಿ ಮದ್ದಿನ ಹತ್ತಿರ ನಾಟಕ ನಡೆಯುವುದಿಲ್ಲ.

ನನ್ನ ಹೆಸರು ಚನ್ನಾಜಮ್ಮ, ನನ್ನದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುವ ಗಂಟಲು ನನ್ನದು. ದೇವೀರಮ್ಮ ನನ್ನ ಪಕ್ಕದ ಮನೆಯವಳು, ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುವವಳು. ನಮ್ಮ ಜಗಳ ಹುಟ್ಟಿದ್ದು ಕಜ್ಜಾಯದಿಂದ. ಅವಳ ಮಗಳು ಪಾರಿಜಾತಳನ್ನು ನೋಡಲು ಗಂಡಿನವರು ಬರುತ್ತಾರೆಂದು ಅಕ್ಕಿ ನೆನೆಸಿ, ಆರಿಸಿ, ನನ್ನ ಗಿರಣಿಯಲ್ಲೇ ಬೀಸಿಸಿಕೊಂಡು ಹೋಗಿದ್ದಳು. ಗಂಡು ಒಂದು ಕಜ್ಜಾಯ ಕಚ್ಚಿದ್ದೇ ತಡ, ಕಿವಿ ಕೆಂಪಗಾಗಿ ಕಣ್ಣಲ್ಲಿ ನೀರು ಬಂದು ಹಿತ್ತಲ ನಲ್ಲಿಗೆ ಓಡಿದನಂತೆ. ಅವನಪ್ಪನೂ ಹಿಂದೆಯೇ ಓಡಿದನಂತೆ. ಹುಡುಗಿಯ ಮುಖವನ್ನೂ ನೋಡದೆ ಎದ್ದು ಹೋದರು. ದೇವೀರಮ್ಮ ನಡುಬೀದಿಯಲ್ಲಿ ನಿಂತು, "ಮೆಣಸಿನಕಾಯಿ ಬೀಸಿದ ಕಲ್ಲಿಗೇ ನನ್ನ ಅಕ್ಕಿ ಸುರಿದ್ಯಲ್ಲೇ! ನನ್ನ ಮಗಳ ಬಾಳಿಗೆ ಖಾರ ಅರೆದ್ಯಲ್ಲೇ!" ಎಂದು ಕೂಗಿದಳು. ನಾನು ಬಿಟ್ಟೇನೇ? "ನಿನ್ನ ಕೈನೇ ಖಾರ, ನನ್ನ ಕಲ್ಲಿಗ್ಯಾಕೆ ಹೇಳ್ತೀಯ?" ಎಂದೆ. ಮೆಣಸಿನಕಾಯಿ ಬೀಸಿದ ಮೇಲೆ ತೌಡು ಹಾಕಿ ಕಲ್ಲು ಶುದ್ಧ ಮಾಡದೆ ನಾನು ಬೇರೆ ಕಾಳು ಮುಟ್ಟುವವಳೇ ಅಲ್ಲ. ಅದು ನನ್ನ ಗಿರಣಿಯ ಖಾರವಲ್ಲ. ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ.

ಅವತ್ತಿನಿಂದ ಮಾತು ಬಿಟ್ಟೆವು. ಎರಡೂ ಮನೆಯವರಿಗೆ ಸಮಾಧಾನವಾಯಿತು, ಒಳ್ಳೆಯ ಗಟ್ಟಿ ಜಗಳ, ಪಕ್ಕದಲ್ಲೇ ಸಿಕ್ಕಿತಲ್ಲ ಎಂದು. ಪಾರಿಜಾತಳಿಗೆ ಆಮೇಲೆ ರೈಲಿನ ಗಾರ್ಡ್ ಒಬ್ಬ ಸಿಕ್ಕಿ, ಅವಳು ಹೂವಿನ ಹಾಗೆ ಸಂಸಾರ ಮಾಡುತ್ತಿದ್ದಾಳೆ. ಆ ಮೊದಲಿನ ಗಂಡು ಕುಡಿದು ಚರಂಡಿಯಲ್ಲಿ ಬೀಳುವವನಾದ. ಆದರೆ ನಾವು ಜಗಳ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ.

ಮಾತು ಬಿಟ್ಟರೂ ಗೋಡೆ ಒಂದೇ, ಬದುಕಬೇಕಲ್ಲ. ಅವಳು ತನ್ನ ಬೆಕ್ಕಿನೊಂದಿಗೆ ಮಾತಾಡುತ್ತಿದ್ದಳು. "ಕೆಲವರ ಮನೆ ತೊಟ್ಟಿ ತುಂಬಿ ಹರೀತಿದೆ ಕಣೋ, ನಿನಗೇನು ಗೊತ್ತಾಗುತ್ತೆ" ಎಂದು ಅವಳು ಬೆಕ್ಕಿಗೆ ಹೇಳಿದರೆ ನಾನು ಓಡಿ ಹೋಗಿ ನಲ್ಲಿ ನಿಲ್ಲಿಸುತ್ತಿದ್ದೆ. ಮೋಡ ಕವಿದರೆ ನಾನು ಗಿರಣಿಯ ಬೆಲ್ಟಿಗೆ, "ಕೆಲವರ ಹಪ್ಪಳ ಇನ್ನೂ ಮಹಡಿ ಮೇಲೇ ಇದೆಯಲ್ಲ, ಮೈಮೇಲೆ ಜ್ಞಾನ ಇಲ್ವಾ" ಎನ್ನುತ್ತಿದ್ದೆ. ಒಮ್ಮೆ ಅದೇ ಬೆಲ್ಟಿಗೆ ನನ್ನ ಕೈ ಸಿಕ್ಕಿ ಬ್ಯಾಂಡೇಜು ಹಾಕಿಕೊಂಡು ಕೂತಾಗ, ಅವಳು ಸೆರಗು ಸಿಕ್ಕಿಸಿಕೊಂಡು ಬಂದು ಗಿರಣಿ ನಡೆಸಿದಳು. ನನ್ನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ಅವಳ ಗಂಡ ತೀರಿಕೊಂಡಾಗ ಅವಳ ಮನೆಯಲ್ಲಿ ಮತ್ತೆ ಒಲೆ ಹೊತ್ತುವವರೆಗೂ ನಾನು ಅನ್ನ ಸಾರಿನ ಪಾತ್ರೆಯನ್ನು ಹೊಸಿಲ ಮೇಲೆ ಇಟ್ಟು ಬರುತ್ತಿದ್ದೆ. ಪಾತ್ರೆ ತೊಳೆದು ವಾಪಸ್ಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಹೀಗಿರುವಾಗ ನನ್ನ ಗಂಟಲಲ್ಲಿ ಮುದ್ದೆ ಇಳಿಯದಾಯಿತು. ಮುದ್ದೆಯನ್ನು ನಾವು ಅಗಿಯುವವರಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗುವವರು. ಇಡೀ ಬೀದಿಗೆ ನನ್ನಷ್ಟು ಚೆನ್ನಾಗಿ ನುಂಗುವವರು ಇರಲಿಲ್ಲ. ಮೊದಲು ತುತ್ತು ಚಿಕ್ಕದು ಮಾಡಿದೆ. ಆಮೇಲೆ ನೀರು ಕುಡಿದು ತಳ್ಳಿದೆ. ಆಮೇಲೆ ಅನ್ನವೂ ಸಿಕ್ಕಿಕೊಳ್ಳತೊಡಗಿತು. ಯಾರಿಗೂ ಗೊತ್ತಾಗಬಾರದೆಂದು ಗಿರಣಿಯ ಸದ್ದಿನಲ್ಲಿ ಕೆಮ್ಮುತ್ತಿದ್ದೆ. ನನ್ನ ಸೋದರತ್ತೆ ಹೀಗೇ ಊಟ ಇಳಿಯದೆ ಸೊರಗಿ ಹೋಗಿದ್ದರು. ಅವರದು ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೇರೆ ಏನನ್ನೂ ಯೋಚಿಸಲೂ ಇಲ್ಲ.

ನಮ್ಮ ಯಜಮಾನರೇ ಕೊನೆಗೆ ಎಳೆದುಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿರುವುದು ಡಾಕ್ಟರಮ್ಮ ಕುಮುದಾ. ಹೊರಗಿನಿಂದ ಬಂದವರು. ಬಂದ ಹೊಸದರಲ್ಲಿ ನಮ್ಮೂರ ಬಿಳಿ ಮದ್ದಿನ ರೀತಿ ನೋಡಿ ತಲೆ ಕೆಡಿಸಿಕೊಂಡು, ಮೇಲಿನವರಿಗೆಲ್ಲ ಫೋನು ಮಾಡಿ ನಗೆಪಾಟಲಾಗಿ, ಕೊನೆಗೆ ಸುಮ್ಮನಾದವರು. ಈಗ ಅವರು ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆಯೇ "ಜೊತೆಗೆ ಯಾರು?"

"ದೇವೀರಮ್ಮ" ಎಂದೆ, ಹೆಮ್ಮೆಯಿಂದಲೇ.

"ಒಳ್ಳೇದಾಯ್ತು. ಬೇಗ ಕರ್ಕೊಂಡು ಬನ್ನಿ. ಗಂಟಲ ಹತ್ರ ಏನೋ ಅಡ್ಡ ಇದೆ. ಅದು ಏನು, ಎಲ್ಲಿದೆ ಅಂತ ಚಿತ್ರ ನೋಡದೆ ನಾನು ಗಂಟಲೊಳಗೆ ನಳಿಕೆ ಇಳಿಸೋ ಹಾಗಿಲ್ಲ, ಎಲ್ಲಾದ್ರೂ ತೂತು ಬಿದ್ರೆ ಕಷ್ಟ" ಎಂದರು. ಅದು ಅದೇನಾ ಎಂದು ಕೇಳುವ ಬದಲು ನನ್ನ ಸೋದರತ್ತೆಯ ಕಥೆ ಹೇಳಿ ಎದ್ದು ಬಂದೆ.

ಮಾತು ಬಿಟ್ಟವರನ್ನು ಕರೆಯುವುದಕ್ಕೂ ನಮ್ಮಲ್ಲಿ ಒಂದು ಕ್ರಮವಿದೆ. ಅವರ ಹೊಸಿಲ ಮೇಲೆ ಒಂದು ಲೋಟವನ್ನು ಬೋರಲು ಹಾಕಿ ಬರಬೇಕು. ಬರುತ್ತೇನೆ ಎಂದಾದರೆ ಅವರು ಅದನ್ನು ತಂದು ನಮ್ಮ ಹೊಸಿಲ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಎಂಥ ಕಡು ವೈರವಿದ್ದರೂ ಇದುವರೆಗೆ ಯಾರೂ ಇಲ್ಲ ಎಂದದ್ದಿಲ್ಲ. ನಾನು ಲೋಟ ಬೋರಲು ಹಾಕಿ ಮನೆಗೆ ಬಂದು ಕೈ ತೊಳೆಯುವಷ್ಟರಲ್ಲಿ ಲೋಟ ನನ್ನ ಹೊಸಿಲ ಮೇಲೆ ನೆಟ್ಟಗೆ ನಿಂತಿತ್ತು. ಗೋಡೆಯಾಚೆ ದೇವೀರಮ್ಮ ಬೆಕ್ಕಿಗೆ, "ಕೆಲವರಿಗೆ ಏನಾಗಿದೆಯೋ ಏನೋ, ಬಾಯಿಬಿಟ್ಟು ಹೇಳಬಾರದಾ" ಎಂದು ಗದರುತ್ತಿದ್ದಳು.

ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಹೋದೆವು. ಆಯಾ ಜುಲೇಕಾಬಿ ಒಂದೇ ಜಗ್ಗಿನಲ್ಲಿ ಮದ್ದು ಕದಡಿ ಎರಡು ಲೋಟಕ್ಕೆ ಸಮನಾಗಿ ಸುರಿದಳು. ಎಂಥ ನುಣುಪು ಅಂತೀರಿ, ನನ್ನ ಕಲ್ಲು ಕೂಡ ಅಷ್ಟು ನುಣ್ಣಗೆ ಬೀಸಿದ್ದಿಲ್ಲ. ರುಚಿ ಮಾತ್ರ ಗೋಡೆ ನೆಕ್ಕಿದ ಹಾಗೆ. ಖಾಲಿ ಹೊಟ್ಟೆ ದೇವೀರಮ್ಮನಿಗೆ ಒಗ್ಗಲಿಲ್ಲವೇನೋ, ಸೆರಗಿನೊಳಗೆ ಮುಷ್ಟಿ ಇಟ್ಟು ಹೊಟ್ಟೆ ಒತ್ತಿಕೊಂಡಿದ್ದಳು. ಆದರೂ ಒಂದೇ ಗುಕ್ಕಿಗೆ ಕುಡಿದು ಲೋಟ ಕೆಳಗಿಟ್ಟಳು. ಡಾಕ್ಟರಮ್ಮ ನನ್ನನ್ನು ಯಂತ್ರದ ಮುಂದೆ ನಿಲ್ಲಿಸಿ, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ನುಂಗಿ, ನಿಲ್ಲಿ, ಉಸಿರು ಹಿಡೀರಿ ಎಂದರು. ಆಮೇಲೆ ಪರದೆಯ ಹತ್ತಿರ ಬಗ್ಗಿ, ಗುಂಡಿ ತಿರುಗಿಸಿ ಮತ್ತೊಮ್ಮೆ ನೋಡಿದರು.

"ಏನೂ ಇಲ್ಲ" ಎಂದರು.

"ಏನೂ ಇಲ್ವಾ? ದೇವರು ದೊಡ್ಡವನು!" ಎಂದೆ.

"ಹಾಗಲ್ಲಮ್ಮಾ. ಮದ್ದೇ ಕಾಣ್ತಿಲ್ಲ. ಖಾಲಿ."

ಆ ಸುದ್ದಿ ನಮಗಿಂತ ಮುಂಚೆ ಆಸ್ಪತ್ರೆಯ ಪಡಸಾಲೆಗೆ ಹೋಗಿತ್ತು. ಬೆಂಚಿನ ಮೇಲೆ ಕೂತವರೆಲ್ಲ ನಮ್ಮನ್ನು ನೋಡಿ ಕತ್ತು ಬಗ್ಗಿಸಿಕೊಂಡರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಪಾಪ, ಇಬ್ರೂ ರಾಜಿ ಆಗ್ಬಿಟ್ಟಿದಾರೆ ಕಣೇ" ಎಂದದ್ದು ನನಗೆ ಕೇಳಿಸಿತು. ನಾಚಿಕೆಯಿಂದ ಮೈ ಹಿಡಿಯಾಯಿತು. ದೇವೀರಮ್ಮ ನನ್ನನ್ನು ಕಾಯದೆ ಬಿರಬಿರನೆ ಮನೆಗೆ ನಡೆದಳು.

ಮನೆಗೆ ಬಂದವಳೇ ಯಜಮಾನರ ಮೇಲೆ ಹಾರಾಡಿದೆ. "ಆ ದೇವೀರಿಗೆ ನನ್ನ ಮೇಲಿನ ಸಿಟ್ಟು ಆರಿಹೋಗಿದೆ ನೋಡಿ! ನಂಬಿಸಿ ಕತ್ತು ಕೊಯ್ದಳು!"

ಅವರು ಅಡಕೆ ಕತ್ತರಿಸುತ್ತಿದ್ದವರು ತಲೆ ಎತ್ತಿ, "ನಿನಗಿದೆಯಾ?" ಎಂದರು.

"ಏನು?"

"ಸಿಟ್ಟು. ಅವಳ ಮೇಲೆ."

ಇದೆ ಎಂದು ಹೇಳಲು ಹೋಗಿ, ಮಡಿಸಿಟ್ಟಿದ್ದ ಚೀಲವನ್ನೇ ಮತ್ತೆ ಮಡಿಸತೊಡಗಿದೆ. ಅದನ್ನು ನೋಡಿ ಅವರು ಮತ್ತೆ ಅಡಕೆಗೆ ಕೈ ಹಾಕಿದರು. ಅವರು ಕಡಿಮೆ ಮಾತಿನ ಮನುಷ್ಯ, ಆಡಿದರೆ ಮಾತ್ರ ಹೀಗೆ ಒಳಗೆ ಕೈ ಹಾಕಿದ ಹಾಗೆ ಆಡುತ್ತಾರೆ.

ಸಿಟ್ಟು ಬರಿಸಿಕೊಳ್ಳಲು ನಾವಿಬ್ಬರೂ ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ನಾನು ಕೂತು ಕಜ್ಜಾಯದ ದಿನವನ್ನು ಮೊದಲಿಂದ ನೆನಪು ಮಾಡಿಕೊಂಡೆ. ನಲ್ಲಿಗೆ ಓಡಿದ ಗಂಡಿನ ಮುಖ ನೆನಪಾಗಿ ನಗು ಬಂತು. ದೇವೀರಮ್ಮ ಒಂದು ಬೆಳಿಗ್ಗೆ ಅಂಗಳ ತೊಳೆದ ಕೊಳೆನೀರನ್ನು ನಾನು ಒಣಗಲು ಹರವಿದ್ದ ಗೋಧಿಯ ಮೇಲೆ ಸುರಿದಳು. "ಬಂತು, ಬಂತು ಸಿಟ್ಟು!" ಎಂದು ನಾನು ಚಪ್ಪಲಿಯನ್ನೂ ಮೆಟ್ಟದೆ ಅವಳ ಹೊಸಿಲಿಗೆ ಲೋಟ ತಗೊಂಡು ಓಡಿದೆ. ಆಸ್ಪತ್ರೆಗೆ ಹೊರಟು ಗೇಟು ದಾಟುವಾಗ ನೋಡಿದರೆ, ನೀರು ಸುರಿಯುವ ಮೊದಲು ಅವಳು ಒಳ್ಳೆಯ ಗೋಧಿಯನ್ನೆಲ್ಲ ಒತ್ತಟ್ಟಿಗೆ ಸರಿಸಿ ಚಾಪೆ ಮುಚ್ಚಿಟ್ಟಿದ್ದಳು. ನೆನೆದದ್ದು ಬರೀ ಹೊಟ್ಟು. ಸಿಟ್ಟು ಅಲ್ಲೇ ಇಳಿದು ಹೋಯಿತು. ಎರಡನೇ ಸಲವೂ ಫಿಲಂ ಖಾಲಿ.

ಊರಿನವರೂ ಕೈಲಾದದ್ದು ಮಾಡಿದರು. ಹೋಟೆಲಿನ ಕರಿಬಸಯ್ಯ ಬಂದು ಗಿರಣಿಯ ಎದುರು ನಿಂತು, ನಿನ್ನ ಹಿಟ್ಟು ತರಿತರಿ, ನಿನ್ನ ತೂಕ ಮೋಸ, ನಿನ್ನ ಮುಖ ನೋಡಿದ ದಿನ ನನ್ನ ದೋಸೆ ಹಂಚಿನಿಂದ ಏಳುವುದಿಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದ. ಬೈದು ಮುಗಿಸಿ, "ಸಾಕಾ ಅಕ್ಕಾ? ಇನ್ನೂ ಸ್ವಲ್ಪ ಬೈಲಾ?" ಎಂದ. ಪಾಪ, ಅವನಿಗೆ ಕಾಫಿ ಮಾಡಿಕೊಟ್ಟು ಕಳಿಸಿದೆ.

ಅಷ್ಟರಲ್ಲಿ ನನಗೆ ಅಂಬಲಿ ಬಿಟ್ಟು ಬೇರೇನೂ ಇಳಿಯದಾಗಿತ್ತು. ರವಿಕೆಗಳು ಜೋಲುತ್ತಿದ್ದವು. ಹಿಟ್ಟಿನ ಡಬ್ಬ ಎತ್ತಲು ಗಿರಾಕಿಗಳನ್ನೇ ಕರೆಯಬೇಕಾಗುತ್ತಿತ್ತು. ನನಗೆ ಸಾಯಲು ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಒಳಗೆ ಏನಿದೆ ಎಂದೇ ಗೊತ್ತಾಗದೆ ಸಾಯಲು ಹೆದರಿಕೆಯಾಯಿತು. ಗೋಡೆಯಾಚೆಯ ಬೆಕ್ಕಿಗೂ ಈಗ ಮಾತು ಕಡಿಮೆಯಾಗಿತ್ತು. ಡಾಕ್ಟರಮ್ಮ ಹೇಳಿ ಕಳಿಸಿದರು: "ಇನ್ನೊಂದು ಸಲ ಬನ್ನಿ. ಆಗ್ಲಿಲ್ಲ ಅಂದ್ರೆ ದೊಡ್ಡ ಊರಿಗೆ ಕಳಿಸ್ತೀನಿ. ಅವರು ಕುತ್ತಿಗೆ ಕುಯ್ದೇ ನೋಡಬೇಕಾಗುತ್ತೇನೋ."

ಮೂರನೇ ಸಲ ಹೋದಾಗ ನನ್ನಲ್ಲಿ ಆಸೆಯೇನೂ ಉಳಿದಿರಲಿಲ್ಲ. ದೇವೀರಮ್ಮ ಬೆಂಚಿನ ಆ ತುದಿಗೆ, ನಾನು ಈ ತುದಿಗೆ. ಜುಲೇಕಾಬಿ ಜಗ್ಗು ಕದಡುತ್ತಾ ಕದಡುತ್ತಾ ಮಾತಿಗೆಂದು ದೇವೀರಮ್ಮನ ಕಡೆ ತಿರುಗಿದಳು.

"ಅಲ್ಲಾ ದೇವೀರಕ್ಕಾ, ಬರೀ ಇವರ ಜೊತೆಗೇ ಬರ್ತಾ ಇದೀರಲ್ಲ, ನಿಮ್ದು ಯಾವಾಗ? ದೀಪಾವಳಿಗೆ ಮುಂಚೆನೇ ಡಾಕ್ಟರಮ್ಮ ಹೇಳಿದ್ರಲ್ಲ, ಹೊಟ್ಟೆನೋವಿಗೆ ಚಿತ್ರ ತೆಗೀಲೇಬೇಕು, ತಡ ಮಾಡ್ಬೇಡಿ ಅಂತ. ವಾಂತೀಲಿ ರಕ್ತ ಬಂದಿತ್ತು ಅಂದಿದ್ರಿ, ನಿಂತಿತಾ?"

ದೀಪಾವಳಿ ಹೋಗಿ, ಸಂಕ್ರಾಂತಿ ಹೋಗಿ, ಯುಗಾದಿ ಹತ್ತಿರ ಬಂದಿತ್ತು. ಸೆರಗಿನೊಳಗಿನ ಮುಷ್ಟಿ ನೆನಪಾಯಿತು. ಅವಳು ಒಗ್ಗರಣೆಗೆ ಮೆಣಸಿನಕಾಯಿ ಹಾಕುವುದನ್ನು ಬಿಟ್ಟದ್ದು ನೆನಪಾಯಿತು. ಗೋಡೆಯಾಚೆಯಿಂದ ಘಾಟು ಬರುತ್ತಿಲ್ಲವಲ್ಲ, ಈಗ ನನ್ನ ಮೇಲೆ ಕರುಣೆ ಬಂದಿರಬೇಕು ಎಂದುಕೊಂಡಿದ್ದೆ. ನನ್ನ ಕಾಲಿನಿಂದ ಏನೋ ಬಿಸಿಯಾದದ್ದು ಹತ್ತಿಕೊಂಡು ತಲೆಗೆ ಬಂತು.

"ಏನೇ ಇದು?" ಎಂದೆ.

ಅಷ್ಟೂ ವರ್ಷಗಳಲ್ಲಿ ನಾನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಜುಲೇಕಾಬಿಯ ಕೈಯಲ್ಲಿದ್ದ ಜಗ್ಗು ನಿಂತಿತು. ದೇವೀರಮ್ಮ ಗಾಬರಿಯಾಗಿ ಸುತ್ತ ನೋಡಿದಳು. ಅಲ್ಲಿ ಬೆಕ್ಕು ಇರಲಿಲ್ಲ. ಗೋಡೆಯ ಕಡೆ ತಿರುಗಿ, "ಕೆಲವರಿಗೆ ಯಾಕೆ ಬೇಕು ಊರ ಉಸಾಬರಿ..." ಎಂದು ಶುರು ಮಾಡಿದಳು.

"ಗೋಡೆ ನೋಡ್ಬೇಡ, ನನ್ನ ನೋಡು! ರಕ್ತ ಕಾರಿಕೊಂಡು ಮಹಡಿ ಮೇಲೆ ಹಪ್ಪಳ ಹರವ್ತಾ ಇದ್ದೆಯೇನೇ ನೀನು? ನನ್ನ ಹೊಸಿಲ ಮೇಲೆ ಒಂದು ಲೋಟ ಬೋರಲು ಹಾಕೋಕೆ ನಿನಗೇನು ದಾಡಿಯಾಗಿತ್ತೇ? ಪಕ್ಕದಲ್ಲಿ ನಾನೇನು ಸತ್ತಿದ್ನಾ?"

"ಹಾಕಿದ್ರೆ ಏನಾಗ್ತಿತ್ತು?" ದೇವೀರಮ್ಮ ತಿರುಗಿದಳು. ಕಣ್ಣು ಕೆಂಪಗಾಗಿತ್ತು. "ಖಾಲಿ ಬರ್ತಿತ್ತು! ನನಗೆ ಗೊತ್ತಿತ್ತು ಕಣೇ. ನಮ್ಮನೆಯವರು ಹೋದಾಗ ಅನ್ನದ ಪಾತ್ರೆ ಇಟ್ಟು ಇಟ್ಟು ಹೋದೆಯಲ್ಲ, ಆಗ್ಲೇ ಸತ್ತೋಯ್ತು ನನ್ನ ಸಿಟ್ಟು. ಬದುಕಿಸೋಕೆ ಎಷ್ಟು ಒದ್ದಾಡಿದೀನಿ, ನಿನಗೇನು ಗೊತ್ತು! ಅದು ನಿನಗೆ ತಿಳಿದ್ರೆ ನೀನು ಬೇರೆ ಯಾರನ್ನೋ ಹುಡುಕ್ಕೊಂಡು ಹೋಗ್ತಿದ್ದೆ. ಆಮೇಲೆ ನನಗ್ಯಾರು ಇದ್ರು?"

"ಅದಕ್ಕೆ ಸುಮ್ನೆ ಸಾಯೋಕೆ ಕೂತಿದ್ಯಾ? ನನಗೆ ಹೇಳದೆ? ಎಷ್ಟು ಧೈರ್ಯನೇ ನಿನಗೆ! ನಾನು ಬೆಳಿಗ್ಗೆ ಎದ್ದು ಯಾರ ಮೇಲೆ ಗೊಣಗ್ಬೇಕಿತ್ತು? ಯಾರ ಹಪ್ಪಳಕ್ಕೆ ಮೋಡ ನೋಡ್ಬೇಕಿತ್ತು? ಪಾಪಿ!"

"ನೀನೇನು ಕಮ್ಮಿನಾ? ಮುದ್ದೆ ಇಳೀದೆ ಗಿರಣಿ ಸದ್ದಲ್ಲಿ ಕೆಮ್ತಾ ಇದ್ಯಲ್ಲ, ಗೋಡೆಯಿಂದಾಚೆ ನನಗೆ ಕೇಳಿಸಲ್ಲ ಅಂದ್ಕೊಂಡ್ಯಾ? ಸೊರಗಿ ಕಡ್ಡಿ ಆಗೋವರೆಗೂ ಲೋಟ ಹಾಕ್ಲಿಲ್ಲ! ದಿನಾ ಬಾಗಿಲು ತೆಗೆದು ತೆಗೆದು ಹೊಸಿಲು ನೋಡ್ತಿದ್ದೆ! ನಿನ್ನ ಸೊಕ್ಕು ನನಗೆ ಗೊತ್ತಿಲ್ವಾ? ಕಜ್ಜಾಯಕ್ಕೆ ಖಾರ ಹಾಕಿ ಇವತ್ತಿಗೂ ಒಪ್ಕೊಳ್ದೇ ಇರೋಳು!"

"ಅದು ನನ್ನ ಗಿರಣಿದಲ್ಲ!"

"ನಿನ್ನ ಗಿರಣಿದೇ!"

"ಕುಡೀರಿ!" ಎಂದು ಯಾರೋ ಕಿರುಚಿದರು. ನೋಡಿದರೆ ಡಾಕ್ಟರಮ್ಮ, ಬಾಗಿಲಲ್ಲಿ ನಿಂತಿದ್ದಾರೆ. "ಬೈತಾ ಬೈತಾನೇ ಕುಡೀರಿ! ಜುಲೇಕಾಬಿ, ಏನ್ ನೋಡ್ತಾ ನಿಂತಿದ್ಯಾ, ಸುರಿ!"

ಲೋಟ ಕೈಗೆ ಬಂತು. ಒಂದು ಗುಟುಕು ಕುಡಿದೆ, ಒಂದು ಮಾತು ಬೈದೆ. ಅವಳೂ ಹಾಗೇ. ಇಬ್ಬರ ಗಲ್ಲದ ಮೇಲೂ ಬಿಳಿ ಮದ್ದು ಇಳಿಯುತ್ತಿತ್ತು, ಕಣ್ಣೀರೂ ಇಳಿಯುತ್ತಿತ್ತು. ಯಂತ್ರದ ಮುಂದೆ ನಿಂತು ಉಸಿರು ಹಿಡಿಯಿರಿ ಎಂದರೆ ನನಗೆ ಸಿಟ್ಟಿನಲ್ಲಿ ಉಸಿರು ಹಿಡಿಯಲೂ ಆಗುತ್ತಿರಲಿಲ್ಲ.

"ಬಂತು" ಎಂದರು ಡಾಕ್ಟರಮ್ಮ. ಅವರ ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಗಿತ್ತು. "ಬಂತು ನೋಡ್ರಮ್ಮಾ."

ಪರದೆಯ ಮೇಲೆ ನನ್ನ ಗಂಟಲಿತ್ತು. ಬೆಳ್ಳಗೆ, ಹಾಲಿನ ಧಾರೆಯ ಹಾಗೆ ಇಳಿಯುತ್ತಿದ್ದ ಮದ್ದು ಒಂದು ಕಡೆ ದಾರದಷ್ಟು ಸಣ್ಣಗಾಗಿ, ಮತ್ತೆ ಅಗಲವಾಗಿ ಕೆಳಗೆ ಹೋಗುತ್ತಿತ್ತು. ಡಾಕ್ಟರಮ್ಮ ಆ ಸಣ್ಣ ಜಾಗಕ್ಕೆ ಬೆರಳಿಟ್ಟು ನೋಡಿದರು. ನಾನು ದೇವೀರಮ್ಮನ ಕೈ ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ.

"ಇದು ಪೊರೆ" ಎಂದರು. "ಗಂಟಲಿಗೆ ಅಡ್ಡ ತೆಳ್ಳಗೆ ಕಟ್ಟಿದೆ. ರಕ್ತ ಕಮ್ಮಿ ಇರೋ ಹೆಂಗಸರಿಗೆ ಹೀಗಾಗೋದುಂಟು. ಜಾಗ ಗೊತ್ತಾಯ್ತಲ್ಲ, ನಳಿಕೆ ಇಳಿಸಿ ಅಗಲ ಮಾಡ್ತೀನಿ. ರಕ್ತ ಹೆಚ್ಚೋಕೆ ಕಬ್ಬಿಣದ ಮಾತ್ರೆ ಕೊಡ್ತೀನಿ. ಆಗಾಗ ಬಂದು ತೋರಿಸ್ಬೇಕು. ನೀವು ಅಂದ್ಕೊಂಡಿದ್ರಲ್ಲ, ಅಂಥದ್ದು ಇಲ್ಲೇನೂ ಕಾಣ್ತಿಲ್ಲ."

ನಾನು ಗೋಳೋ ಎಂದು ಅತ್ತುಬಿಟ್ಟೆ. ದೇವೀರಮ್ಮನೂ ಅತ್ತಳು. ಡಾಕ್ಟರಮ್ಮ ಮಾತ್ರ, "ಅಳಬೇಡಿ, ಅಳಬೇಡಿ, ಸಿಟ್ಟು ಆರುತ್ತೆ! ದೇವೀರಮ್ಮಾ, ನೀವು ಬನ್ನಿ ಈ ಕಡೆ!" ಎಂದು ಅವಳನ್ನು ಎಳೆದು ಯಂತ್ರದ ಮುಂದೆ ನಿಲ್ಲಿಸಿದರು. ನಾನು ಕಣ್ಣೊರೆಸಿಕೊಂಡು, ದೀಪಾವಳಿಯಿಂದ ಬಚ್ಚಿಟ್ಟ ಕಳ್ಳಿ, ನಿನ್ನ ಮಗಳಿಗೆ ಇವತ್ತೇ ಫೋನು ಮಾಡುತ್ತೇನೆ ನೋಡು ಎಂದು ಬೈಯುತ್ತಲೇ ಇದ್ದೆ. ಅವಳ ಹೊಟ್ಟೆಯೂ ಬೆಳ್ಳಗೆ ಮೂಡಿತು. ಪಕ್ಕದಲ್ಲಿ ಕಡಲೆಕಾಳಿನಷ್ಟು ಒಂದು ಗುಳಿ. ಹುಣ್ಣು. ಇನ್ನು ತಡ ಮಾಡಿದ್ದರೆ ತೂತು ಬೀಳುತ್ತಿತ್ತು, ಈಗ ಮಾತ್ರೆಗೆ ಬಗ್ಗುತ್ತದೆ ಎಂದರು ಡಾಕ್ಟರಮ್ಮ.

ನಳಿಕೆ ಇಳಿಸಿದ ದಿನದ ಕಷ್ಟ ಹೇಳುವುದಿಲ್ಲ, ನೆನೆಸಿಕೊಂಡರೆ ಈಗಲೂ ಓಕರಿಕೆ ಬರುತ್ತದೆ. ಆದರೆ ಒಂದು ಮಧ್ಯಾಹ್ನ ಸೊಪ್ಪಿನ ಸಾರಿನಲ್ಲಿ ಮುದ್ದೆಯ ತುತ್ತು ಅದ್ದಿ, ದೇವರನ್ನು ನೆನೆದು ನುಂಗಿದೆ. ಇಳಿಯಿತು. ನಮ್ಮ ಯಜಮಾನರು ತಮ್ಮ ತಟ್ಟೆ ಬಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದರು. "ಇಳೀತೇನೇ?" ಎಂದು ಗೋಡೆಯಾಚೆಯಿಂದ ಕೂಗು ಬಂತು. ಈಗ ಬೆಕ್ಕಿಗೆ ಬಿಡುವು ಸಿಕ್ಕಿದೆ. "ಇಳೀತು ಕಣೇ!" ಎಂದೆ. ನಾವಿಬ್ಬರೂ ಬೆಳಗಿನಿಂದ ಸಂಜೆವರೆಗೆ ಗೋಡೆಯ ಮೇಲಿಂದ ಮಾತಾಡುತ್ತೇವೆ, ಅಷ್ಟು ವರ್ಷದ ಬಾಕಿ ಮಾತು ಸುಲಭಕ್ಕೆ ಮುಗಿಯುತ್ತದೆಯೇ?

ಊರಿನಲ್ಲೂ ಸ್ವಲ್ಪ ಗದ್ದಲವಾಯಿತು. ಮಾತಾಡಿಕೊಂಡೇ ಮದ್ದು ಮೂಡಿತಂತೆ ಎಂದು ಜನ ಬಂದು ಬಂದು ಕೇಳಿದರು. ಈಗ ಆಸ್ಪತ್ರೆಯ ಪಡಸಾಲೆಯಲ್ಲಿ ಮುಂಚಿನ ಹಾಗೆ ಜನ ಬಾಯಿ ಹೊಲಿದುಕೊಂಡು ಕೂರುವುದಿಲ್ಲ. ಆ ಇಬ್ಬರು ಭಾವಮೈದುನರೂ ಮೊನ್ನೆ ಅಲ್ಲಿ ಯಾವುದೋ ಹಳೆಯ ಸಂಗತಿ ಎತ್ತಿಕೊಂಡು ನಿಜವಾಗಿ ಕೂಗಾಡಿದರಂತೆ, ಕರುಳು ಚೆನ್ನಾಗಿ ಕಂಡಿತಂತೆ. ಎಲ್ಲರಿಗೂ ಹೀಗೇ ಆಗುತ್ತದೋ ಇಲ್ಲವೋ ನನಗೆ ತಿಳಿಯದು.

ನನ್ನ ಚಿಂತೆ ಬೇರೆಯಿತ್ತು. ದೇವೀರಮ್ಮನ ಹುಣ್ಣು ಪೂರ್ತಿ ಮಾಯಿತೋ ಇಲ್ಲವೋ ಎಂದು ಇನ್ನೊಂದು ಸಲ ಚಿತ್ರ ತೆಗೆಯಬೇಕು, ಬಿಡುವ ಹಾಗಿಲ್ಲ ಎಂದಿದ್ದರು ಡಾಕ್ಟರಮ್ಮ. ಸಿಟ್ಟು ಎಲ್ಲಿಂದ ತರಲಿ? ಅವಳ ಮುಖ ನೋಡಿದರೆ ನನಗೆ ಬರುವುದು ನಗು. ಅವಳಿಗೆ ನನ್ನ ಮುಖ ನೋಡಿದರೆ ಬರುವುದು ಊರ ಸುದ್ದಿ. ದಿನ ಹೋದ ಹಾಗೆ ನನಗೆ ಪುಕುಪುಕು ಎನ್ನತೊಡಗಿತು. "ನೀನ್ಯಾಕೆ ತಲೆ ಕೆಡಿಸ್ಕೋತೀಯ, ನಾನು ನೋಡ್ಕೋತೀನಿ ಬಿಡು" ಎಂದಷ್ಟೇ ಅವಳು ಹೇಳುತ್ತಿದ್ದಳು.

ಮೊನ್ನೆ ಅವಳು ನೆನೆಸಿದ ಅಕ್ಕಿ ತಂದು ನನ್ನ ಗಿರಣಿಯಲ್ಲಿ ಬೀಸಿಸಿಕೊಂಡು ಹೋದಳು. ಅದಕ್ಕೂ ಮೊದಲು ಕಲ್ಲಿಗೆ ತೌಡು ಹಾಕಿದ್ದೇನೆಯೇ ಎಂದು ಎರಡು ಸಲ ಕೇಳಿದಳು. ಹಾಕಿದ್ದೇನೆ, ಕಣ್ಣಾರೆ ನೋಡು ಎಂದೆ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಬೋರಲು ಹಾಕಿದ ದೊಡ್ಡ ಲೋಟ. ನನ್ನ ಕಣ್ಣು ತುಂಬಿ ಬಂತು. ಕೊನೆಗೂ ಕರೆದಳಲ್ಲ, ನನ್ನನ್ನು. ಲೋಟ ಎತ್ತಿದೆ. ಅಡಿಯಲ್ಲಿ ಬಿಸಿಬಿಸಿ ಕಜ್ಜಾಯ, ಮೇಲೆ ಗಸಗಸೆ, ತುಪ್ಪದ ಘಮ. ಈಗ ನನ್ನ ಗಂಟಲಿಗೆ ಯಾವುದರ ಅಡ್ಡಿಯೂ ಇಲ್ಲವಲ್ಲ, ಪೂರ್ತಿ ಕಜ್ಜಾಯ ಬಾಯಿಗೆ ಹಾಕಿಕೊಂಡು ಸರಾಗವಾಗಿ ನುಂಗಿದೆ.

ಆಮೇಲೆ ಹತ್ತಿತು ನೋಡಿ. ನಾಲಿಗೆ ಉರಿ, ಗಂಟಲು ಉರಿ, ಕಿವಿಯಲ್ಲಿ ಹೊಗೆ. ಕಣ್ಣು ಮೂಗಿನಲ್ಲೆಲ್ಲ ನೀರು. ಎಷ್ಟು ಖಾರದ ಪುಡಿ ಕಲಸಿದ್ದಳೋ ಮಹಾತಾಯಿ! ಹಿತ್ತಲ ನಲ್ಲಿಗೆ ಓಡಿ ತಲೆ ಒಡ್ಡಿ ನಿಂತವಳಿಗೆ ಗೋಡೆಯ ಮೇಲೆ ಅವಳ ಮುಖ ಕಾಣಿಸಿತು. ಮಡಿಸಿಟ್ಟ ಹೊಸ ಸೀರೆ ಉಟ್ಟು, ತಲೆ ಬಾಚಿ, ಆಸ್ಪತ್ರೆಗೆ ತಯಾರಾಗಿ ನಿಂತಿದ್ದಳು.

"ನೋಡು, ನಿನ್ನ ಗಿರಣಿ ಹಿಟ್ಟೇ" ಎಂದಳು. "ಈಗಲಾದ್ರೂ ಒಪ್ಕೋತೀಯಾ?"

"ಒಪ್ಪಲ್ಲ ಕಣೇ! ಸತ್ರೂ ಒಪ್ಪಲ್ಲ!" ಎಂದು ಕಿರುಚಿದೆ.

"ಒಪ್ಪಲ್ವಾ? ಇಷ್ಟು ಮಾಡಿದ್ರೂ ಒಪ್ಪಲ್ವಾ?" ಎಂದು ಅವಳ ಮುಖವೂ ನಿಜವಾಗಿ ಕೆಂಪೇರಿತು. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡಿದೆ.

"ನಡಿಯೇ ಬೇಗ, ಆರೋದ್ರೊಳಗೆ ಹೋಗೋಣ!" ಎಂದು ಕೂಗಿದೆ.